ದೊಡ್ಡಪ್ಪ ತಂದ ಕಡಲ ಹಸು

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ. ಶಿರಂಗಾಲದ ನಮ್ಮ ಮನೆಯಲ್ಲಿ ಸಮುದ್ರ ನೋಡಿದ್ದವರು ದೊಡ್ಡಪ್ಪ ಒಬ್ಬರೇ. ಮರ ಸಾಗಿಸುವ ಲಾರಿ ಹತ್ತಿ ಮಾಕುಟ್ಟದ ಘಾಟಿ ಇಳಿದು, ಕಣ್ಣೂರಿನಲ್ಲಿ ಒಂದು ಮಧ್ಯಾಹ್ನ ಕಳೆದು ಬಂದಿದ್ದರು. ಅಷ್ಟಕ್ಕೇ ಪಕ್ಕದ ಮನೆಯವರ ಮುಂದೆ ಕಡಲನ್ನೆಲ್ಲ ಅರೆದು ಕುಡಿದವರ ಹಾಗೆ ಮಾತಾಡುತ್ತಿದ್ದರು.

ಅಲ್ಲಿಂದ ತಂದದ್ದು ಒಂದು ಒಣಮೀನು. ಅಂಗೈಯಷ್ಟು ದೊಡ್ಡದು, ಡಬ್ಬಿಯಂತೆ ಚೌಕ, ಹಣೆಯ ಮೇಲೆ ಎರಡು ಕೊಂಬು. ಮಾರಿದವನು ಅದನ್ನು ಕಡಲ ಹಸು ಎಂದನಂತೆ. ಸಮುದ್ರದ ತಳದಲ್ಲಿ ಹುಲ್ಲು ಮೇಯ್ದು ಮರಿಗೆ ಹಾಲೂಡಿಸುವ ಭಾರಿ ಪ್ರಾಣಿಯೊಂದಿದೆ, ಅದಕ್ಕೂ ಇದೇ ಹೆಸರು ಎಂದೂ ಹೇಳಿದ್ದನಂತೆ. ದೊಡ್ಡಪ್ಪ ಎರಡನ್ನೂ ಕಲಸಿ ಒಂದು ಮಾಡಿಕೊಂಡರು. ಕೊಂಬು ಇದರದು, ಹಾಲು ಅದರದು. ಇಂಥ ಬುದ್ಧಿವಂತರು ನಮ್ಮ ಮನೆಗೆ ಯಜಮಾನರು.

“ಕೊಟ್ಟಿಗೇಲಿ ಕಟ್ರಿ. ಹಸ ಎರಡರಷ್ಟು ಹಾಲು ಕೊಡ್ತದೆ” ಎಂದು ಅಪ್ಪಣೆಯಾಯಿತು. ದೃಷ್ಟಿ ತಾಗದಿರಲೆಂದು ಕೊಟ್ಟಿಗೆಯ ಬಾಗಿಲಿಗೆ ಏನೇನೋ ಕಟ್ಟುವ ಮನೆ ನಮ್ಮದು. ಅರಿಸಿನ ಕುಂಕುಮ ಹಚ್ಚಿ ಇದನ್ನೂ ಕಟ್ಟಿದರು.

ಮಳೆಗಾಲದ ತೇವಕ್ಕೆ ಮೀನು ನಾರತೊಡಗಿತು. ಬೀದಿಯ ಬೆಕ್ಕುಗಳೆಲ್ಲ ಕೊಟ್ಟಿಗೆಗೆ ಬಂದು ಜಗಳಕ್ಕೆ ನಿಂತವು. ಬೆದರಿದ ಹಸು ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು, ಹಾಲನ್ನೇ ಬಿಡಲಿಲ್ಲ. ಅಮ್ಮನಿಗೆ ಎದೆಹಾಲು ಬತ್ತಿತ್ತು. ಹಾಲುಗೂಸು ನನ್ನ ತಂಗಿ ಆ ಹಸುವಿನ ಹಾಲಿನಿಂದಲೇ ಬದುಕಬೇಕಿತ್ತು. ಪಕ್ಕದ ಮನೆಯಲ್ಲಿ ಹಾಲು ಕೇಳೋಣವೆಂದರೆ ಮನೆಯ ಮಾನ ಹೋಗುತ್ತದೆಂದು ದೊಡ್ಡಪ್ಪ ಬಿಡಲಿಲ್ಲ.

ಅಮ್ಮ ಮೀನು ಬಿಚ್ಚಿ ಎಸೆಯಲು ಹೋದಾಗಲೂ ಅವರೇ ಅಡ್ಡ ನಿಂತರು. “ಹಸ ಅಂತ ಪೂಜೆ ಮಾಡಿದ್ದನ್ನ ತಿಪ್ಪೆಗೆ ಎಸೀತಾರಾ? ಗೋಹತ್ಯೆ ಬತ್ತದೆ!” ಹೂಳುವುದಾದರೆ ಒಳ್ಳೆಯ ದಿನ ನೋಡಬೇಕಂತೆ. ಸತ್ತ ಮೀನಿಗೆ ಮುಹೂರ್ತ! ಇತ್ತ ಕೂಸು ಕುಡಿಸಿದ ಗಂಜಿನೀರನ್ನೆಲ್ಲ ಕಕ್ಕಿ, ಅತ್ತು ಅತ್ತು ದನಿ ಕಳೆದುಕೊಂಡಿತ್ತು.

ಭಾವನ ಎದುರು ಅಮ್ಮ ಎಂದೂ ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಮೀನನ್ನು ಕಿತ್ತು ತಂದು, ಹಾಲು ಕರೆಯುವ ಚೊಂಬಿನ ಜೊತೆ ಜಗಲಿಯಲ್ಲಿ ಅವರ ಮುಂದಿಟ್ಟಳು.

“ಕರ್ಕೊಡಿ ಭಾವ. ಕೂಸು ಹಸ್ಕೊಂಡದೆ.”

ದೊಡ್ಡಪ್ಪ ಚೊಂಬು ಎತ್ತಿಕೊಂಡು, ಯಾರ ಮುಂದೆ ಅಷ್ಟೆಲ್ಲ ಜಂಬ ಕೊಚ್ಚಿದ್ದರೋ ಅದೇ ಪಕ್ಕದ ಮನೆಯವರ ಬಾಗಿಲಲ್ಲಿ ನಿಂತು ಹಾಲು ಬೇಡಿದರು. ನನಗೆ ಅವರ ಮೇಲೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ. ಇಂದಿಗೂ ಹುಟ್ಟಿಲ್ಲ.