ಚರ್ಮ ವಾಸಿಯಾದ ಸಾಹುಕಾರರು

ಹೊಳೆನರಸೀಪುರದ ಪೇಟೆಯಲ್ಲಿ ನಮ್ಮ ಎದುರಂಗಡಿಯ ಜವಳಿ ಸಾಹುಕಾರರು ಬರಿಮೈಯಲ್ಲಿ ಕೂತು ಬಟ್ಟೆ ಮಾರುತ್ತಿದ್ದರು. ಯುದ್ಧದಿಂದಾಗಿ ಬಟ್ಟೆಗೂ ರೇಷನ್ ಬಂದಿದ್ದ ಕಾಲ. 'ಇವರ್ಗೇ ಬಟ್ಟೆ ಇಲ್ವಂತೆ' ಎಂದು ಗಿರಾಕಿಗಳು ನಗುತ್ತಿದ್ದರು.

ಅವರ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. ಕೆಮ್ಮಣ್ಣು ಬಳಿಸಿದರು, ಗುಳ್ಳೆಗಳು ಒಣಗಿ ಉದುರಿದವು. ಉರಿ ಮಾತ್ರ ವರ್ಷ ಕಳೆದರೂ ಹೋಗಲಿಲ್ಲ. ಬಟ್ಟೆ ತಗುಲಿದರೆ ಕೆಂಡ ತಗುಲಿದಂತೆ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನೂ ತೋಳಿಗೆ ಕಟ್ಟಿಕೊಂಡಿದ್ದರು. ಬಂದವರೆಲ್ಲ ಬಗ್ಗಿ ನೋಡಿ, 'ವಾಸಿ ಆಗೈತಲ್ಲ ಸಾವ್ಕಾರ್ರೇ' ಅನ್ನುವರು. ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿಯುತ್ತಿತ್ತು. ಅವರು ಬಟ್ಟೆ ಅಳೆಯುವ ಗಜವನ್ನು ನೆಲಕ್ಕೆ ಕುಟ್ಟಿ, 'ಚರ್ಮ ವಾಸಿ ಆಗೈತೆ ಕಣಯ್ಯಾ, ನಂಗಾಗಿಲ್ಲ!' ಎಂದು ಗದರುತ್ತಿದ್ದರು.

ಸರ್ಪಸುತ್ತು ಹೋದರೂ ನೋವು ಯಾಕೆ ಉಳಿಯುತ್ತದೆ ಎಂದು ಸಂಶೋಧನೆ ನಡೆಸುತ್ತಿದ್ದ ಡಾಕ್ಟರೊಬ್ಬರು ಒಂದು ಬೆಳಗ್ಗೆ ಹಾಸನದಿಂದ ಬಂದು, ಬೆನ್ನೆಲುಬಿನ ಪಕ್ಕ ನರ ಮರಗಟ್ಟಿಸುವ ಮದ್ದಿನ ಸೂಜಿ ಚುಚ್ಚಿದರು. ಉರಿ ನಿಂತೇಹೋಯಿತು. ಸಾಹುಕಾರರು ಮನೆಯಿಂದ ಉದ್ದ ಕೋಟು ತರಿಸಿ, ಕೊರಳವರೆಗೂ ಗುಂಡಿ ಹಾಕಿಕೊಂಡು ಪೇಟೆಯೆಲ್ಲ ಸುತ್ತಿ ಬಂದರು. ಮಧ್ಯಾಹ್ನದ ಹೊತ್ತಿಗೆ ಕೋಟು ಕಿತ್ತೆಸೆದು ಹಲ್ಲು ಕಚ್ಚಿ ಕೂತಿದ್ದರು.

ಮರುದಿನ ಗಿರಾಕಿಗಳದು ಹೊಸ ರಾಗ: 'ನೆನ್ನೆ ಕೋಟೇ ಆಕ್ಕಂಡಿದ್ರಲ್ಲ, ಇನ್ನೆಲ್ಲೀ ನೋವು?'

ಮತ್ತೆ ಬಂದ ಡಾಕ್ಟರಂತೂ ಹಿಗ್ಗಿಹೋಗಿದ್ದರು. 'ನೋವು ನರದಲ್ಲೇ ಇದೆ ಅಂತ ಗೊತ್ತಾಯ್ತು ನೋಡಿ!'

'ನೋವಿಲ್ದಿದ್ರೆ ಎಂಗಿರ್ತೈತೆ ಅಂತ್ಲೇ ಮರ್ತೋಗಿತ್ತು ಸಾ. ನನ್ ಪಾಡಿಗೆ ನಾನಿದ್ದೆ. ನೀವ್ಯಾಕ್ ಗ್ಯಾಪಕ ಮಾಡುದ್ರಿ?' ಎಂದು ಸಾಹುಕಾರರು ಎಗರಾಡಿದರು.

ಎಗರಾಡುತ್ತಲೇ ತಿರುಗಿ ಕೂತು, ಸೂಜಿಗೆ ಬೆನ್ನು ಕೊಟ್ಟರು.