ಮಲ್ಲಿಗಮ್ಮನ ಕಥೆಗೆ ಹೂಂ ಅನ್ನುವವನು

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹುಚ್ಚೀರಯ್ಯ ಅಂದರೆ ಗೊತ್ತಿಲ್ಲದವರು ಕಡಿಮೆ. ಮಳವಳ್ಳಿಯಿಂದ ಕೆ.ಎಂ. ದೊಡ್ಡಿ, ಮದ್ದೂರು, ಅಲ್ಲಿಂದ ಮಂಡ್ಯ, ಮತ್ತೆ ವಾಪಸ್ಸು. ಅವನ ಪ್ರಾಯವೆಲ್ಲ ಇದೇ ದಾರಿಯಲ್ಲಿ ಸವೆಯಿತು. ಬಸ್ಸಿನಲ್ಲಿ ಅವನ ಬಾಯಿಗೆ ಬಿಡುವಿರಲಿಲ್ಲ. 'ಒಳೀಕೆ ಓಗ್ರಪ್ಪ, ಬೇಕಾದಂಗೆ ಜಾಗ ಅದೆ' ಅಂತ ಕೂಗಿ ಕೂಗಿ, ಸಂಜೆ ಮನೆಗೆ ಬರುವ ಹೊತ್ತಿಗೆ ಅವನಲ್ಲಿ ಉಳಿಯುತ್ತಿದ್ದ ಮಾತು ಒಂದೇ, ಹೂಂ. ಪುಣ್ಯಕ್ಕೆ ಹೆಂಡತಿ ಮಲ್ಲಿಗಮ್ಮನಿಗೆ ಬೇಕಾಗಿದ್ದದ್ದೂ ಆ ಒಂದೇ ಮಾತು.

ಮಲ್ಲಿಗಮ್ಮ ಕಥೆ ಹೇಳುವ ಹೆಂಗಸು. ಹುಟ್ಟಿದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಹುಣಸೆಮರದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುವ ಊರು ಅದು. ಅಲ್ಲಿ ಬೆಳೆದವಳಿಗೆ ಕಥೆಗೇನು ಬರ? ಆದರೆ ಅವಳ ಕಟ್ಟಳೆ ಎರಡಿದ್ದವು. ಎದುರಿಗೆ ಕೂತವರು ಮಾತಿಗೊಮ್ಮೆ ಹೂಂ ಅನ್ನಬೇಕು, ಹೂಂ ನಿಂತರೆ ಕಥೆಯೂ ನಿಂತಿತು. ಇನ್ನೊಂದು, ದೀಪ ಹಚ್ಚುವ ಮೊದಲು ಕಥೆ ಇಲ್ಲ. ಹಗಲು ಹೊತ್ತು ಕಥೆ ಹೇಳಿದರೆ ದಾರಿಹೋಕರಿಗೆ ದಾರಿ ತಪ್ಪುತ್ತದೆ ಅಂತ ಅವಳ ಅಜ್ಜಿ ಹೇಳಿದ್ದಳಂತೆ. ಬೇರೆಯವರಾದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ಇವಳ ಗಂಡ ಬೆಳಗಾದರೆ ದಾರಿಯ ಮೇಲೇ ಇರುವವನು. ಮೊಮ್ಮಕ್ಕಳು ಸೆರಗು ಹಿಡಿದು ಕಾಡಿದರೂ, 'ನಿಮ್ ತಾತ ಬರ್ಲಿ, ಚಪ್ಪಲಿ ಬುಡ್ಲಿ, ಆಮ್ಯಾಕೆ' ಅನ್ನುತ್ತಿದ್ದಳು.

ಹುಚ್ಚೀರಯ್ಯ ಬಂದು, ಕೈಕಾಲು ತೊಳೆದು, ಮುದ್ದೆ ಉಂಡು ಗೋಡೆಗೆ ಒರಗಿದನೆಂದರೆ ಕಥೆ ಶುರು. ದಣಿದ ಮೈ, ಅರ್ಧ ಕಥೆಗೇ ಕಣ್ಣು ಮುಚ್ಚುತ್ತಿತ್ತು. ಬಾಯಿ ಮಾತ್ರ ನಿದ್ದೆಯಲ್ಲೂ ಹೂಂ ಅನ್ನುತ್ತಿತ್ತು. ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಲ್ಲಿಗಮ್ಮ ಕಂಡೂ ಕಾಣದವಳ ಹಾಗೆ ಮುಂದುವರಿಸುತ್ತಿದ್ದಳು. ಹಾಗಾಗಿ ಹೆಂಡತಿಯ ಅಷ್ಟೂ ಕಥೆಗಳಿಗೆ ಹೂಂ ಅಂದವನ ಕಿವಿಗೆ ಒಂದರ ಕೊನೆಯೂ ನೆಟ್ಟಗೆ ಬಿದ್ದಿರಲಿಲ್ಲ. ನಾಳೆ ಕೇಳಿದರಾಯಿತು ಅಂತ ಬಿಟ್ಟಿದ್ದ. ನಾಳೆಗೇನು ಬರ ಅಂದುಕೊಳ್ಳುವ ದಡ್ಡತನ ಅವನೊಬ್ಬನದೇ ಅಲ್ಲ ಬಿಡಿ.

ಅವನು ನಿವೃತ್ತನಾದ ಮೇಲೆ, ಒಂದು ಮಾಘ ಮಾಸದಲ್ಲಿ, ಮಲ್ಲಿಗಮ್ಮನ ತಂಗಿಯ ಮಗಳು ನಯನ ಮನೆಗೆ ಬಂದಳು. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ, ಮದ್ದೂರಿನ ಸಿದ್ದೇಶ್ ಅನ್ನುವ ಸಹಪಾಠಿಯ ಜೊತೆ ಸೇರಿ, ನೂರಡಿ ರಸ್ತೆಯ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಫೋನಿನಲ್ಲಿ ಆಡುವ ಗೇಮು ಮಾಡುತ್ತಿದ್ದ ಹುಡುಗಿ. ಕಬ್ಬಿನ ಗದ್ದೆ, ಕರೆಂಟು ತಂತಿ, ಶಿಂಷಾ ಹೊಳೆ ಎಲ್ಲ ದಾಟಿಕೊಂಡು ಕೊಕ್ಕರೆಯೊಂದು ತನ್ನ ತವರಿನ ಮರ ಹುಡುಕುವ ಆಟ. ಹಕ್ಕಿಯನ್ನು ಬೆರಳಿನಿಂದ ಹಾರಿಸಬೇಕು. ಒಂದೊಂದು ಹಂತ ದಾಟಿದಾಗ ಕಥೆಯ ಒಂದೊಂದು ತುಣುಕು ಕೇಳಿಸಬೇಕು. ಆ ಕಥೆಯನ್ನು ದೊಡ್ಡಮ್ಮನೇ ಹೇಳಬೇಕೆಂದು ನಯನಳ ಹಟ.

ಮಂಡ್ಯದ ಆ ಕೋಣೆಗೆ ಕರೆದೊಯ್ದು, ಹೊರಗಿನ ಸದ್ದು ಬಾರದಂತೆ ಗೋಡೆಗಳಿಗೆ ಹಾಸಿಗೆ ಒರಗಿಸಿ, ಫ್ಯಾನು ನಿಲ್ಲಿಸಿ, ಮೈಕಿನ ಮುಂದೆ ಕೂರಿಸಿದರೆ ಮಲ್ಲಿಗಮ್ಮನ ಬಾಯಿಂದ ಮಾತೇ ಹೊರಡಲಿಲ್ಲ.

'ಹೂಂಗುಟ್ಟೋರು ಯಾರವ್ವ?' ಅಂದಳು.

'ಮೈಕು ಕೇಳಿಸ್ಕೊತದೆ, ನೀನು ಹೇಳು ದೊಡ್ಡಮ್ಮ.'

'ಕೇಳಿಸ್ಕೊಂಡ್ರಾಯ್ತಾ? ಅದು ಹೂಂ ಅನ್ನಕಿಲ್ವಲ್ಲ. ಅಲ್ದೆ ಇನ್ನೂ ಬಿಸ್ಲು ಅದೆ. ನಿಮ್ ದೊಡ್ಡಪ್ಪ ಎಲ್ಲಿ ತಿರುಗ್ತಾ ಅವ್ರೋ ಏನೋ.'

ದೊಡ್ಡಪ್ಪ ಮಳವಳ್ಳಿಯಿಂದ ಬಸ್ಸು ಹತ್ತಿ ಬಂದು ಎದುರಿಗೆ ಕೂತ. ತನ್ನವರು ಯಾರೂ ದಾರಿಯ ಮೇಲಿಲ್ಲ ಅನ್ನುವುದು ಖಾತ್ರಿಯಾಗಿ, ಕೆಳಗೆ ಅಂಗಡಿಗಳ ದೀಪ ಹತ್ತಿದ ಮೇಲೆ, ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ತವರಿಗೆ ಬಂದ ಕೊಕ್ಕರೆಗೆ ತನ್ನ ಮರ ಕಾಣುವುದಿಲ್ಲ. ಯಾರೋ ಕಡಿದಿದ್ದಾರೆ. ನನ್ನ ಮರ ಎಲ್ಲಿ, ನನ್ನ ಮರ ಎಲ್ಲಿ ಅಂತ ಅದು ಊರೂರು ಕೇಳಿಕೊಂಡು ಹೋಗುತ್ತದೆ. ಹೂಂ ಅಂದ ಹುಚ್ಚೀರಯ್ಯ. ಆ ಹಾಸಿಗೆ, ಆ ಸೆಕೆ, ಕಥೆ ಕೊನೆಗೆ ಬರುವಾಗ ಎಂದಿನ ಹಾಗೆ ಅವನ ಕಣ್ಣು ಎಳೆಯಿತು. ಅಂದು ಬಾಯಿಯೂ ಕೈಕೊಟ್ಟಿತು. ಮಲ್ಲಿಗಮ್ಮ ಕಥೆ ನಿಲ್ಲಿಸಿ ಏನೋ ಕೇಳಿದಳು, ಹುಡುಗರು ನಕ್ಕರು. ಅವನು ಬೆಚ್ಚಿ ಹೂಂ ಅಂದು ಮತ್ತೆ ತೂಕಡಿಸಿದ. ಆ ಕಥೆಯ ಕೊನೆಯೂ ಹಾಗೆಯೇ ಹೋಯಿತು.

ಜ್ಯೇಷ್ಠದಲ್ಲಿ ಮಲ್ಲಿಗಮ್ಮ ತೀರಿಕೊಂಡಳು. ಬೆಳಿಗ್ಗೆ ಎದೆನೋವು ಅಂದಳು, ಮಧ್ಯಾಹ್ನಕ್ಕೆಲ್ಲ ಮುಗಿದುಹೋಗಿತ್ತು. ತಿಥಿ ಕಳೆದ ಮೇಲೆ ನೋಡಿದರೆ ಮನೆಯಲ್ಲಿ ಅವಳ ಫೋಟೋಗಳಿದ್ದವು, ದನಿ ಎಲ್ಲೂ ಇರಲಿಲ್ಲ. ಕಥೆ ಕೇಳುವಾಗ ಯಾರು ಫೋನು ಹಿಡಿದು ಕೂರುತ್ತಾರೆ? ಹುಚ್ಚೀರಯ್ಯನಿಗೋ ಹೆಂಡತಿಯ ಮುಖಕ್ಕಿಂತ ದನಿಯೇ ಹೆಚ್ಚು ಗುರುತು, ಕಣ್ಣು ಮುಚ್ಚಿಕೊಂಡೇ ಸಂಸಾರ ಮಾಡಿದವನು. ಆ ದನಿ ಇಲ್ಲದ ಸಂಜೆಗಳಲ್ಲಿ ಮಗ ಸೊಸೆ ಟೀವಿ ಹಾಕಿದರೆ ಎದ್ದು ಜಗಲಿಗೆ ಹೋಗುತ್ತಿದ್ದ.

ಆಟ ಸಿದ್ಧವಾದಾಗ ನಯನ ತಾನೇ ಬಂದು ಅವನ ಫೋನಿಗೆ ಹಾಕಿಕೊಟ್ಟಳು. ಆದರೆ ಮಲ್ಲಿಗಮ್ಮ ಮಾತಾಡಬೇಕಾದರೆ ಹಕ್ಕಿ ಹಾರಬೇಕು. ಹಕ್ಕಿ ಇವನ ಕೈಯಲ್ಲಿ ಹಾರಿದರೆ ತಾನೆ? ತಂತಿಗೆ ಬಡಿಯಿತು, ಕಬ್ಬಿನೊಳಗೆ ಬಿತ್ತು, ಹೊಳೆಯಲ್ಲಿ ಮುಳುಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಫೋನು ಸರಿಯಿಲ್ಲ ಅಂತ ಬೈದ.

'ಅಮುಕಬೇಡಿ ಮಾವ, ಮುಟ್ಟಿ ಸಾಕು' ಅಂತ ಸೊಸೆ ರೂಪ ಪಕ್ಕದಲ್ಲಿ ಕೂತು ಕಲಿಸಿದಳು. ದಿನವೂ ದೀಪ ಹಚ್ಚಿದ ಮೇಲೆ ಫೋನು ಹಿಡಿದು ಕೂತ. ಹಗಲಲ್ಲಿ ಮುಟ್ಟಲಿಲ್ಲ. ಒಂದು ಸಂಜೆ ಹಕ್ಕಿ ಮೊದಲ ಹಂತ ದಾಟಿತು. 'ಒಂದಾನೊಂದು ಊರ್ನಲ್ಲಿ' ಅಂದಳು ಮಲ್ಲಿಗಮ್ಮ.

ಹೂಂ ಅಂದ ಹುಚ್ಚೀರಯ್ಯ. ಅವನ ಹೂಂ ಮುಗಿಯುವ ಮೊದಲೇ ಅವಳು ಮುಂದಿನ ಮಾತಿಗೆ ಹೋಗಿದ್ದಳು. ಇನ್ನೊಂದು ಸಲ ಅಂದ, ಅದನ್ನೂ ತುಳಿದುಕೊಂಡು ಹೋದಳು. ಅವನಿಗೆ ಕಣ್ಣು ತುಂಬಿ ಬಂತು. ದನಿ ಕೇಳಿದ್ದಕ್ಕೋ, ಆ ದನಿ ತನಗಾಗಿ ಕಾಯದೆ ಹೋದದ್ದಕ್ಕೋ, ಅವನಿಗೇ ತಿಳಿಯಲಿಲ್ಲ. ಆದರೂ ದಿನವೂ ಆಡಿದ. ಹೊಳೆ ದಾಟಿಸಿದ, ತಂತಿ ದಾಟಿಸಿದ. ಕೊನೆಯ ಹಂತದ ಬಿರುಗಾಳಿಯೊಂದು ಮಾತ್ರ ಅವನ ಬೆರಳಿಗೆ ಬಗ್ಗಲಿಲ್ಲ. ಕಥೆಯ ಕೊನೆ ಆ ಗಾಳಿಯ ಆಚೆಗಿತ್ತು.

ಹೀಗಿರುವಾಗ ಒಂದು ಭಾನುವಾರ ನಯನ, ಸಿದ್ದೇಶ್ ಇಬ್ಬರೂ ಬಂದರು. ಕಾಫಿ ಲೋಟ ಕೈಯಲ್ಲಿ ಹಿಡಿದು ಇಬ್ಬರೂ ಮಾತು ತೆಗೆಯಲು ಹಿಂದೆಮುಂದೆ ನೋಡಿದರು. ಕೊನೆಗೆ ನಯನಳೇ ಹೇಳಿದಳು. ಆಟ ಜನಕ್ಕೆ ಹಿಡಿಸಿದೆ. ಕಥೆ ಹಿಡಿಸಿಲ್ಲ. ಕಥೆ ಬಂದ ತಕ್ಷಣ ಬಹಳಷ್ಟು ಜನ ಅದನ್ನು ದಾಟಿಸುವ ಬಟನ್ ಒತ್ತುತ್ತಾರೆ. ಕಥೆಯನ್ನೇ ತೆಗೆದುಹಾಕಿ ಆಟ ಮಾತ್ರ ಉಳಿಸುವ ಯೋಚನೆ ನಡೆದಿದೆ.

'ಆಡಾಕೆ ಬಂದೋರು ಆಡ್ತಾರೆ ದೊಡ್ಡಪ್ಪ' ಅಂದ ಸಿದ್ದೇಶ್. 'ಕೈಗೆ ಕೆಲಸ ಬೇಕು ಅವ್ರಿಗೆ. ಮಧ್ಯದಲ್ಲಿ ಕೈ ಕಟ್ಕೊಂಡು ಕೂತ್ಕೊಳಿ ಅಂದ್ರೆ ಯಾರು ಕೂತ್ಕೊತಾರೆ? ಮೂಗಿಗಿಂತ ಮೂಗುತಿ ಭಾರ ಆಗ್ಬುಟ್ಟದೆ.'

'ಕತೆ ತೆಗೆದ್ಮೇಲೆ ಆ ಹಕ್ಕಿ ಯಾಕ್ಲಾ ಹಾರ್ಬೇಕು?' ಅಂದಳು ನಯನ. ಬಸ್ಸಿನಲ್ಲಿ ಬರುವಾಗಲೂ ಇದೇ ಜಗಳ ನಡೆದಿತ್ತೆಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಹುಚ್ಚೀರಯ್ಯನ ಕಡೆ ತಿರುಗಿ, 'ದೊಡ್ಡಮ್ಮನ ದನಿ ಎಲ್ಲೂ ಓಗಲ್ಲ ದೊಡ್ಡಪ್ಪ. ನಿಮ್ಗೆ ಬೇರೆ ಹಾಕ್ಕೊಡ್ತೀನಿ, ಯಾವಾಗ ಬೇಕಾದ್ರೂ ಕೇಳ್ಬೋದು' ಅಂದಳು.

'ಪೆಟ್ಟಿಗೇಲಿ ಮಡಗಿರೋ ಸೀರೆನೂ ಉಟ್ಕೊಂಡಿರೋ ಸೀರೆನೂ ಒಂದೇ ಏನವ್ವ?' ಅಂದ ಹುಚ್ಚೀರಯ್ಯ. 'ನಾನು ಒಬ್ನೇ ಕೇಳಿ ಏನಾಗ್ಬೇಕು. ನಾಕು ಜನ ಕೇಳ್ತಾರೆ ಅಂತ ಅವ್ಳು ಎಷ್ಟು ಆಸೆಯಿಂದ ಬಂದು ಕೂತಿದ್ಲು. ಡ್ಯೂಟೀಲಿ ಟಿಕೀಟು ಇಲ್ದೋರ್ನೆಲ್ಲ ಇಳಿಸಿವ್ನಿ, ಒಬ್ರುನ್ನೂ ಬುಟ್ಟಿಲ್ಲ. ಅವ್ಳನ್ನ ಮಾತ್ರ ನಡುದಾರೀಲಿ ಇಳಿಸ್ಬೇಡ್ರಪ್ಪ.'

ಅಷ್ಟರಲ್ಲಿ ಹೊತ್ತು ಮುಳುಗಿ ರೂಪ ದೇವರ ಮುಂದೆ ದೀಪ ಹಚ್ಚಿದಳು. ಹುಚ್ಚೀರಯ್ಯ ಅಭ್ಯಾಸಬಲದಿಂದ ಫೋನು ತೆಗೆದು ಹಕ್ಕಿ ಹಾರಿಸಲು ಕೂತ, ಬಂದವರಿಗೆ ಬೆನ್ನು ಕೊಟ್ಟೇ. ಬಹುಶಃ ಇದೇ ಕೊನೆ ಅಂದುಕೊಂಡಿದ್ದ. ಹಂತ ದಾಟಿತು, ಮಲ್ಲಿಗಮ್ಮನ ದನಿ ಬಂತು. ಅವನು ಹೂಂ ಅಂದ. ಅವಳು ನಿಲ್ಲದೆ ಓಡಿದಳು. ಅವನು ಮತ್ತೆ ಹೂಂ ಅಂದ.

ಸಿದ್ದೇಶ್ ಲೋಟ ಕೆಳಗಿಟ್ಟ. ಮಂಡ್ಯದ ಆ ಕೋಣೆಯಲ್ಲಿ ರೆಕಾರ್ಡಿನಿಂದ ಹುಚ್ಚೀರಯ್ಯನ ಒಂದೊಂದು ಹೂಂ ಕೂಡ ಹುಡುಕಿ ಹುಡುಕಿ ಕತ್ತರಿಸಿ, ಮಧ್ಯದ ಬಿಡುವನ್ನೆಲ್ಲ ಜೋಡಿಸಿದವನು ಅವನೇ. ಅಂದು ಅದು ಅವನ ಕಣ್ಣಿಗೆ ಕಸವಾಗಿತ್ತು. 'ನಯನ' ಅಂದ ಮೆಲ್ಲಗೆ, 'ಕೇಳೋರ್ಗೆ ಕೆಲಸ ಇತ್ತು ಕಣೆ. ಅದ್ನ ನಾನೇ ತೆಗೆದುಬುಟ್ಟೆ.' ಆಮೇಲೆ ಹುಚ್ಚೀರಯ್ಯನಿಗೆ, 'ಸ್ವಲ್ಪ ದಿನ ಟೈಮು ಕೊಡಿ ದೊಡ್ಡಪ್ಪ' ಅಂದ. ಇಬ್ಬರೂ ಕೊನೆ ಬಸ್ಸಿಗೆ ಹೋದರು. ಆ ಸಲ ಜಗಳವಾಡುತ್ತ ಹೋಗಲಿಲ್ಲ.

ಅವರು ಮತ್ತೆ ಬಂದದ್ದು ಆಶ್ವಯುಜದಲ್ಲಿ. ಆಟದಿಂದ ದಾಟಿಸುವ ಬಟನ್ನೇ ಹೋಗಿತ್ತು. ಈಗ ಹಕ್ಕಿ ಹಾರುವಾಗಲೇ ಕಥೆ ನಡೆಯುತ್ತದೆ. ಮಲ್ಲಿಗಮ್ಮ ಒಂದು ಮಾತು ಹೇಳಿ ನಿಲ್ಲುತ್ತಾಳೆ. ಆಡುವವನು ಫೋನಿಗೆ ಕೇಳುವ ಹಾಗೆ ಹೂಂ ಅನ್ನಬೇಕು, ಆಗ ಹಕ್ಕಿ ರೆಕ್ಕೆ ಬಡಿದು ಮೇಲೇಳುತ್ತದೆ. ಅನ್ನದಿದ್ದರೆ ಗಾಳಿಯಲ್ಲೇ ತೇಲುತ್ತ ಕಾಯುತ್ತದೆ. ಅದನ್ನು ಆಡಿದ ಕೆಲವರು ಮೆಚ್ಚಿದರು, ಕೆಲವರು ಮುದುಕಿಯ ಕಾಟ ಅಂತ ಬರೆದರು. ಅದಿರಲಿ.

ಆ ಸಂಜೆ ದೀಪ ಹಚ್ಚಿದ ಮೇಲೆ ಹುಚ್ಚೀರಯ್ಯ ಗೋಡೆಗೆ ಒರಗಿ ಕೂತ. ಹೂಂ ಅಂದ, ಅವಳು ಮುಂದಕ್ಕೆ ಹೇಳಿದಳು. ವಿಸಲ್ ಹೊಡೆಯದೆ ಬಸ್ಸು ಹೊರಡದ ಹಾಗೆ, ಅವನ ಹೂಂ ಇಲ್ಲದೆ ಅವಳು ಹೊರಡಲಿಲ್ಲ. ಕಬ್ಬಿನ ಗದ್ದೆ ಹೋಯಿತು, ಹೊಳೆ ಹೋಯಿತು. ಬಿರುಗಾಳಿ ಬಂದಾಗ ಬೆರಳು ತಪ್ಪಿದರೂ ಅವನ ಹೂಂ ತಪ್ಪಲಿಲ್ಲ, ಹಕ್ಕಿ ದಾಟಿತು. ಮರ ಕಡಿದ ಹಿತ್ತಲಿಗೆ ಬಂದು ಅದು ಸುತ್ತು ಹಾಕುತ್ತಿರುವಾಗ ಮಲ್ಲಿಗಮ್ಮ ನಿಂತಳು. ಸುತ್ತುವ ಹಕ್ಕಿಯನ್ನೇ ನೋಡುತ್ತ ಅವನು ಹೂಂ ಅನ್ನುವುದನ್ನು ಮರೆತ.

'ಕೇಳ್ತಾ ಇದ್ದೀರಾ, ಇಲ್ಲಾ ನಿದ್ದೆ ಹತ್ಬುಡ್ತಾ?' ಅಂದಳು ಮಲ್ಲಿಗಮ್ಮ.

ಹುಚ್ಚೀರಯ್ಯ ನೆಟ್ಟಗೆ ಕೂತ. ಇದು ಕಥೆಯ ಮಾತಲ್ಲ, ತನಗೆ ಆಡಿದ ಮಾತು. ಅಂದು ಆ ಕೋಣೆಯಲ್ಲಿ ತಾನು ತೂಕಡಿಸಿದಾಗ ಕೇಳಿದ್ದು, ಕಿವಿಗೆ ಬೀಳದೆ ಹೋದದ್ದು. ಸಿದ್ದೇಶ್ ಅದೊಂದನ್ನು ಎಸೆಯದೆ ಇಟ್ಟುಕೊಂಡಿದ್ದ. ಹುಚ್ಚೀರಯ್ಯ ಬೇಕೆಂದೇ ಸುಮ್ಮನಿದ್ದ. 'ಕೇಳ್ತಾ ಇದ್ದೀರಾ' ಅಂತ ಅವಳು ಮತ್ತೆ ಕೇಳಿದಳು. ಮತ್ತೂ ಸುಮ್ಮನಿದ್ದ. ಹೀಗೇ ಇದ್ದುಬಿಟ್ಟರೆ ಅವಳು ಕೇಳುತ್ತಲೇ ಇರುತ್ತಾಳೆ, ಕಥೆ ಮುಗಿಯುವುದಿಲ್ಲ, ಅವಳೂ ಹೋಗುವುದಿಲ್ಲ ಅನ್ನಿಸಿತು. ಬಾಗಿಲ ಹತ್ತಿರ ನಯನ, ಸೆರಗಿಲ್ಲದ ಹುಡುಗಿ, ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಹಕ್ಕಿ ಮಾತ್ರ ಕಡಿದ ಮರದ ಮೇಲೆ ತೇಲುತ್ತಲೇ ಇತ್ತು, ಕೂರಲು ಜಾಗವಿಲ್ಲದೆ. ಹುಚ್ಚೀರಯ್ಯ ಅದನ್ನು ನೋಡಿದ. ಇಷ್ಟು ವರ್ಷ ತಾನು ದಾರಿಯಲ್ಲಿದ್ದಾಗ, ದಾರಿ ತಪ್ಪಬಾರದೆಂದು ಬಾಯಿ ಕಟ್ಟಿಕೊಂಡು ಕಾದವಳು ಅವಳು. ಈಗ ದಾರಿಯ ಮೇಲಿರುವವಳು ಅವಳೇ. ಹೊರಟವರನ್ನು ನಡುದಾರಿಯಲ್ಲಿ ನಿಲ್ಲಿಸಿಕೊಳ್ಳಬಾರದು.

'ಹೂಂ' ಅಂದ.

'ಆ ಹಿತ್ಲು ಮನೆ ಅಜ್ಜಿ ಒಬ್ಳು ಇದ್ನ ನೋಡುದ್ಲು' ಅಂದಳು ಮಲ್ಲಿಗಮ್ಮ. 'ಬಂದ ಮಗಳಿಗೆ ಕೂರಕ್ಕೆ ಜಾಗ ಇಲ್ವಲ್ಲ ಅಂತ ತಾನೇ ಎರಡು ಕೈನೂ ಮೇಲೆತ್ತಿ ಮರ ಆಗಿ ನಿಂತ್ಕೊಂಡ್ಲು. ಹಕ್ಕಿ ಬಂದು ಕೂತ್ಕಂತು, ಗೂಡು ಕಟ್ತು, ಮರಿ ಮಾಡ್ತು. ಮಳೆಗಾಲ ಬಂತು, ಮರೀನೂ ಕರ್ಕೊಂಡು ಹಾರೋಯ್ತು. ಅಜ್ಜಿ ಮಾತ್ರ ಕೈ ಇಳಿಸ್ಲಿಲ್ಲ. ಮುಂದಿನ ವರ್ಷಕ್ಕೆ ಬೇಕಾಯ್ತದಲ್ಲ.'

ಫೋನು ಸುಮ್ಮನಾಯಿತು. ಕಥೆ ಮುಗಿದ ಮೇಲೆ ಹೂಂ ಅನ್ನುವ ಪದ್ಧತಿ ಇಲ್ಲ. ಹುಚ್ಚೀರಯ್ಯ ಕಣ್ಣು ಬಿಟ್ಟುಕೊಂಡು ಕೂತಿದ್ದವನು ಇನ್ನೊಂದು ಸಲ ಹೂಂ ಅಂದ.