ಬೈಕಿನ ಜಿಪಿಎಸ್ ತೋರಿಸದ ಅವ್ವನ ಊರು

ಅದು 2008ರ ಬೇಸಿಗೆ. ಹೊಸಪೇಟೆಯಲ್ಲಿ ಮುಖ ಒರೆಸಿಕೊಂಡರೆ ಟವೆಲ್ ಕೆಂಪಾಗುತ್ತಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ನಾನು ಅಲ್ಲೊಂದು ಗಣಿ ಕಂಪನಿಯಲ್ಲಿ ಸರ್ವೆ ಕೆಲಸಕ್ಕಿದ್ದೆ. ಗುಡ್ಡದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಕಡಿಯಬೇಕು ಎಂದು ಅಳೆದು ಗೆರೆ ಹಾಕಿಕೊಡುವವರಲ್ಲಿ ನಾನೂ ಒಬ್ಬ. ಮದುವೆಯಾಗಿರಲಿಲ್ಲ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು, ಮನೆ ಮುಂದೆ ಬುಲೆಟ್ ನಿಂತಿತ್ತು. ಇಂಥವರಿಗೆ ಹಿಡಿಯುವ ಹುಚ್ಚೇ ನನಗೂ ಹಿಡಿಯಿತು. ಬೈಕಿನಲ್ಲಿ ಲಡಾಖಿಗೆ ಹೋಗಬೇಕು!

ಅಷ್ಟು ದೂರದ ದಾರಿಗೆ ಜಿಪಿಎಸ್ ಬೇಡವೇ? ಈಗಿನ ಹಾಗೆ ಫೋನಿನಲ್ಲೇ ದಾರಿ ನೋಡುವ ಕಾಲವಲ್ಲ ಅದು. ಕಾರಿಗೆ ಹಾಕುವ ದೊಡ್ಡ ಪರದೆಯದು ಕೊಳ್ಳಬೇಕೋ, ಕೈಯಲ್ಲಿ ಹಿಡಿಯುವ ಚಿಕ್ಕದು ಕೊಳ್ಳಬೇಕೋ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡೆ. ದೊಡ್ಡದು ನೋಡಲು ಚೆಂದ. ಆದರೆ ನಮ್ಮ ಬಿಸಿಲಿನಲ್ಲಿ ಅದರ ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತದೆ, ದಾರಿ ಕಾಣುವುದಿಲ್ಲ. ಗ್ಲೌಸ್ ಹಾಕಿದ ಬೆರಳಿಗೆ ಅದು ಬಗ್ಗುವುದೂ ಇಲ್ಲ. ಚಿಕ್ಕದಕ್ಕೆ ಗುಂಡಿಗಳಿದ್ದವು, ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತಿತ್ತು, ಧೂಳಿಗೂ ನೀರಿಗೂ ಹೆದರುತ್ತಿರಲಿಲ್ಲ. ಕೊನೆಗೆ ಚಿಕ್ಕದೇ ಮನೆಗೆ ಬಂತು.

ಅದರ ಜೊತೆ ಕೊಟ್ಟಿದ್ದ ಪ್ಲಾಸ್ಟಿಕ್ ಹಿಡಿಕೆ ಬುಲೆಟ್ಟಿನ ನಡುಕ ತಡೆಯಲಿಲ್ಲ. ಮೊದಲ ದಿನ ಮಲಪನಗುಡಿ ದಾಟುವಷ್ಟರಲ್ಲಿ ಸಡಿಲಾಗಿ, ಯಂತ್ರ ತೂಕಡಿಸುತ್ತಾ ಟ್ಯಾಂಕಿನ ಮೇಲೆ ಬಿತ್ತು. ನಮ್ಮ ಓಣಿಯ ಮೆಕ್ಯಾನಿಕ್ ಮೆಹಬೂಬ್ ಭಾಯಿ ಹಳೆಯ ಲಾರಿ ಟ್ಯೂಬಿನ ತುಂಡನ್ನು ಹ್ಯಾಂಡಲ್ಲಿಗೆ ಎರಡು ಸುತ್ತು ಸುತ್ತಿ, ಅದರ ಮೇಲೆ ಕಬ್ಬಿಣದ ಕ್ಲಾಂಪ್ ಬಿಗಿದು, ಬಿದ್ದರೂ ಕೈ ಬಿಡದಂತೆ ಒಂದು ದಾರ ಕಟ್ಟಿಕೊಟ್ಟರು. ನಾನು ಸರ್ವೆಯವನಲ್ಲವೇ, ಅದು ಸರಿಯಾಗಿ ನಟ್ಟನಡುವೆಯೇ ಕೂರಬೇಕೆಂದು ನಾಲ್ಕು ಸಲ ಬಿಚ್ಚಿಸಿ ಹಾಕಿಸಿದೆ.

"ಹುಟ್ಟಿದ ಊರಾಗ ದಾರಿ ಕೇಳಾಕ ಇಷ್ಟು ತ್ರಾಸ್ ಯಾಕ್ರಿ ಸಾರ್?" ಎಂದು ಅವರು ನಕ್ಕರು.

ಭಾನುವಾರಗಳಂದು ಬೈಕ್ ತೆಗೆದು ಹಂಪಿಯ ಬಂಡೆಗಳ ನಡುವೆ ಹಾಯ್ದು ಕಂಪ್ಲಿಯ ಕಡೆ ಹೋಗತೊಡಗಿದೆ. ಒಂದು ಪಕ್ಕ ಬಾಳೆತೋಟ, ಇನ್ನೊಂದು ಪಕ್ಕ ಗದ್ದೆ. ಮುಂದೆ ಪುಟ್ಟ ಪರದೆಯಲ್ಲಿ ಒಂದು ಕಪ್ಪು ಬಾಣ ಮೆಲ್ಲಗೆ ತೆವಳುತ್ತಿತ್ತು. ಆ ಬಾಣವೇ ನಾನು! ಎಷ್ಟೋ ಹೊತ್ತು ರಸ್ತೆ ಮರೆತು ಅದನ್ನೇ ನೋಡುತ್ತಿದ್ದೆ. ಎಲ್ಲೋ ಮೇಲೆ ಕುಳಿತು ನನ್ನನ್ನು ನಾನೇ ನೋಡಿಕೊಳ್ಳುತ್ತಿರುವ ಹಾಗೆ ಅನಿಸುತ್ತಿತ್ತು.

ಒಂದು ಸಂಜೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಮರಿಯಮ್ಮನಹಳ್ಳಿಯ ನೆಂಟರ ಮನೆಯಿಂದ ಬರುತ್ತಿದ್ದೆ. ಆಗ ಅವಳಿಗೆ ಅರವತ್ತನಾಲ್ಕು. ನನ್ನ ಭುಜದ ಮೇಲಿಂದ ಪರದೆಯನ್ನು ಇಣುಕಿ ನೋಡಿ ಕೇಳಿದಳು, "ಆ ನೀಲಿ ಏನಲೇ?"

"ಡ್ಯಾಮಿನ ನೀರವ್ವ."

"ನಮ್ಮೂರು ಅದರಾಗ ಕಾಣ್ತದೇನು?"

"ಇಲ್ಲವ್ವ. ಬರೇ ನೀರು ತೋರಸ್ತದ."

ಅವಳು ಕತ್ತು ಹೊರಳಿಸಿ ಡ್ಯಾಮಿನ ಕಡೆಗೇ ನೋಡುತ್ತಾ ಬಂದಳು.

ಅವ್ವ ಹುಟ್ಟಿದ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಊರು ಬಿಟ್ಟಾಗ ಅವಳಿಗೆ ಒಂಬತ್ತು ವರ್ಷ. ಅದಕ್ಕೆ ಸ್ವಲ್ಪ ದಿನ ಮುಂಚೆ ಅವಳ ತಾಯಿ ತೀರಿಕೊಂಡಿದ್ದರು. ನಮ್ಮಲ್ಲಿ ಹೂಳುವುದು ಪದ್ಧತಿ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಮೇಲೊಂದು ಕಲ್ಲು ಇಡುವಷ್ಟರಲ್ಲಿ ಊರು ಖಾಲಿ ಮಾಡಬೇಕಾಯಿತು. ಹಿರಿಯರ ಹಬ್ಬಕ್ಕೆ ಎಲ್ಲರೂ ಸಮಾಧಿಗೆ ಎಡೆ ಒಯ್ದರೆ ಅವ್ವ ಮಾತ್ರ ಹೊಸಪೇಟೆಯ ಕಾಲುವೆಗೆ ಒಯ್ಯುತ್ತಿದ್ದಳು. ಆ ನೀರು ತಾಯಿಯ ಮೇಲೆ ಹಾಯ್ದು ಬಂದದ್ದು ಎಂದು ಅವಳ ಲೆಕ್ಕ. ನಾನು ಚಿಕ್ಕವನಿದ್ದಾಗ ಇದನ್ನು ನೋಡಿ ನಕ್ಕಿದ್ದೂ ಉಂಟು.

ಆ ರಾತ್ರಿ ಊಟಕ್ಕೆ ಬಡಿಸುತ್ತಾ ಅವಳೇ ವಿಷಯ ತೆಗೆದಳು. "ಈ ವರ್ಷ ನೀರು ಭಾಳ ಇಳದದಂತ. ನಮ್ಮ ಗುಡಿ ಮುಂದಿನ ಕಂಬ ಹೊರಗ ಬಂದದಂತ, ನೆಂಟರು ಹೇಳಿದ್ರು. ಮಳಿ ಬಿದ್ರ ಮತ್ತ ಮುಳುಗ್ತದ. ನನಗ ಮೊಣಕಾಲು ನಡ್ಯಾಕ ಬಿಡಂಗಿಲ್ಲ. ಗಾಡಿ ಮ್ಯಾಲೆ ಕರಕೊಂಡು ಹೋಗ್ತೀಯೇನಪ?"

"ಜಾಗ ಹೆಂಗ ಗೊತ್ತಾಗ್ತದವ್ವ?"

"ನಮ್ಮಪ್ಪ ಹೇಳ್ಯಾನ. ಕಂಬದ ನೆತ್ತಿ ಮ್ಯಾಲೆ ಗುಡ್ಡದ ತುದಿ ಕುಂತಂಗ ಎಲ್ಲಿ ಕಾಣ್ತದೋ, ಅಲ್ಲೇ ನಿಮ್ಮವ್ವ ಅಂತ. ಅಂಗೈ ಹುಣ್ಣಿಗೆ ಕನ್ನಡಿ ಯಾಕ? ಹೋದರ ಗೊತ್ತಾಗ್ತದ."

ಮುಂದಿನ ಭಾನುವಾರ ಬೆಳಿಗ್ಗೆ ಹೊರಟೆವು. ಮರಿಯಮ್ಮನಹಳ್ಳಿ ದಾಟಿ, ದನ ಇಳಿಯುವ ದಾರಿ ಹಿಡಿದು ಬೈಕನ್ನು ಕೆಳಗಿಳಿಸಿದೆ. ಕಣ್ಣು ಹರಿಯುವವರೆಗೂ ಬಿರಿದ ನೆಲ, ಅಲ್ಲಲ್ಲಿ ಹಸಿರು ಗರಿಕೆ, ದೂರದಲ್ಲಿ ಬೆಳ್ಳಗೆ ನೀರಿನ ಅಂಚು. ಮಂಜೋ ಧೂಳೋ ತಿಳಿಯದ ಒಂದು ತೆಳು ಪೊರೆ ಎಲ್ಲದರ ಮೇಲೂ ಹರಡಿತ್ತು. ಪರದೆ ನೋಡಿದರೆ ಅಷ್ಟೂ ನೀಲಿ. ನಮ್ಮ ಕಪ್ಪು ಬಾಣ ದಡ ಬಿಟ್ಟು ನೀರಿನೊಳಗೆ ಇಳಿದು, ನಡು ನೀರಿನಲ್ಲಿ ಆರಾಮವಾಗಿ ಹೋಗುತ್ತಿತ್ತು. ಯಂತ್ರದ ಪ್ರಕಾರ ನಾನೂ ಅವ್ವನೂ ಆಗಲೇ ಮುಳುಗಿ ಹೋಗಿದ್ದೆವು. ಅವ್ವ ಹಿಂದಿನಿಂದ ಕೈ ಚಾಚಿ ಹೇಳುತ್ತಿದ್ದಳು. "ಇದು ಕುಂಬಾರ ಓಣಿ. ಇಲ್ಲಿ ಹುಣಸಿ ಮರ ಇತ್ತು. ಹುಷಾರ, ಇಲ್ಲೇ ಬಾವಿ ಅದ." ಅಲ್ಲಿ ಏನೂ ಇರಲಿಲ್ಲ. ಆದರೂ ನಾನು ಬಾವಿಯನ್ನು ಬಳಸಿಕೊಂಡೇ ಹೋದೆ.

ಕಂಬ ಸಿಕ್ಕಿತು. ಗುಡಿಯ ಗೋಡೆಗಳು ಬಿದ್ದಿದ್ದರೂ ಅದು ನೆಟ್ಟಗೆ ನಿಂತಿತ್ತು. ಅವ್ವ ಇಳಿದು ಅದನ್ನು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಅದರಿಂದ ಹಿಂದೆ ಹಿಂದೆ ಸರಿದು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ಗುಡ್ಡಸಾಲು ನೋಡಿದಳು. ಬಹಳ ಹೊತ್ತು ನೋಡಿದಳು.

"ತುದಿ ಎಲ್ಲಿ ಹೋತಲೇ? ಎತ್ತಿನ ಹೆಗಲ ಮ್ಯಾಲಿನ ಹಿಣಿಲಿನಂಗ ಒಂದು ತುದಿ ಇತ್ತಲ್ಲ?"

ಅವಳು ಕೈ ಮಾಡಿದ ಕಡೆ ಗುಡ್ಡ ಸಪಾಟಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗಾಯ ಇಲ್ಲಿಗೂ ಕಾಣುತ್ತಿತ್ತು. ಸುಳ್ಳು ಹೇಳಬಹುದಿತ್ತು. ಮಂಜಿನಲ್ಲಿ ಕಾಣುತ್ತಿಲ್ಲ ಅನ್ನಬಹುದಿತ್ತು.

"ಅದು ಈಗಿಲ್ಲವ್ವ. ಕಡಿದಾರ."

"ಯಾರು?"

"ನಮ್ಮ ಕಂಪನಿಯವರು. ಗೆರಿ ಹಾಕಿಕೊಟ್ಟಾಂವ ನಾನೇ."

ಅವ್ವ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟಳು. ಮಡಿಲಲ್ಲಿ ಎಡೆಯ ಗಂಟು. ಐವತ್ತೈದು ವರ್ಷ ನೀರಿನ ಕೆಳಗಿದ್ದೂ ಕಂಬ ಕೆಟ್ಟಿರಲಿಲ್ಲ. ಗುಡ್ಡದ ತುದಿಯನ್ನು ಅವಳ ಮಗ ಎರಡು ವರ್ಷದಲ್ಲಿ ಇಲ್ಲವಾಗಿಸಿದ್ದ. ನನಗೆ ಎಲ್ಲಿಯಾದರೂ ಹೋಗಿ ಅಡಗಿಕೊಳ್ಳಬೇಕು ಅನಿಸಿತು. ಆ ಬಯಲಿನಲ್ಲಿ ಅಡಗಲು ಒಂದು ಗಿಡವೂ ಇರಲಿಲ್ಲ.

ಆಗ ಒಂದು ವಿಷಯ ಹೊಳೆಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ತುದಿಯ ಮೇಲೆಯೇ ಕಲ್ಲು ನೆಟ್ಟು ಮೊದಲ ಅಳತೆ ತೆಗೆದವನು ನಾನು. ಆ ಅಕ್ಷಾಂಶ, ರೇಖಾಂಶದ ಅಂಕಿಗಳು ನನಗೆ ಬಾಯಿಪಾಠ. ಕೂಡಲೇ ಗುಂಡಿ ಒತ್ತಿ ಅವನ್ನು ಜಿಪಿಎಸ್ಸಿಗೆ ತುಂಬಿದೆ. ಗುಡ್ಡ ಹೋಗಿದೆ ಎಂಬುದು ಪಾಪ ಅದಕ್ಕೇನು ಗೊತ್ತು? ಅದು ಇಲ್ಲದ ತುದಿಯ ಕಡೆಗೆ ಬಾಣ ತೋರಿಸತೊಡಗಿತು.

"ಅವ್ವ, ಏಳು. ತುದಿ ಯಾವ ದಿಕ್ಕಿಗಿತ್ತು ಅಂತ ಇದು ಹೇಳ್ತದ. ಆದ್ರ ಎಷ್ಟು ದೂರದಾಗ ನಿಲ್ಲಬೇಕು ಅಂತ ಹೇಳಂಗಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನೀ ದಿಕ್ಕು ಹಿಡಿ. ದೂರ ನನಗ ಗೊತ್ತದ."

ಆ ಯಂತ್ರ ನಿಂತಲ್ಲಿ ದಿಕ್ಕು ತಪ್ಪುತ್ತದೆ, ಚಲಿಸುವಾಗ ಮಾತ್ರ ಸರಿಯಾಗಿ ತೋರಿಸುತ್ತದೆ. ಅದಕ್ಕೇ ಅವಳನ್ನು ಹಿಂದೆ ಕೂರಿಸಿಕೊಂಡು ಕಂಬದಿಂದ ಬಹಳ ದೂರ ಹೋಗಿ, ತಿರುಗಿ, ಕಂಬವನ್ನೇ ಎದುರಿಗಿಟ್ಟುಕೊಂಡು ಮೊದಲ ಗೇರಿನಲ್ಲಿ ಬಂದೆ. ಬಾಣ ಎಡಕ್ಕೆ ವಾಲಿತು. ಮತ್ತೆ ದೂರ ಹೋಗಿ ಸ್ವಲ್ಪ ಪಕ್ಕಕ್ಕೆ ಸರಿದು ಬಂದೆ. ಮೂರನೆಯ ಸಲ ಕಂಬವೂ ಬಾಣವೂ ಒಂದೇ ಗೆರೆಗೆ ಬಂದವು. ಬುಲೆಟ್ ದಡದಡ ಎನ್ನುತ್ತಾ ಮೆಲ್ಲಗೆ ಹೋಗುತ್ತಿತ್ತು. ಹಿಂದೆ ಅವ್ವ ಕಂಬದ ಮೇಲಿನ ಖಾಲಿ ಆಕಾಶ ನೋಡುತ್ತಿದ್ದಳು. ಅಲ್ಲಿ ಅವಳಿಗೆ ಏನು ಕಾಣುತ್ತಿತ್ತೋ ನನಗೆ ಗೊತ್ತಿಲ್ಲ.

ಒಮ್ಮೆಲೇ ಭುಜ ತಟ್ಟಿದಳು. "ನಿಲ್ಸು. ಕುಂತತು ನೋಡು. ಇಲ್ಲೇ."

ಅಲ್ಲಿ ಬಿರಿದ ಮಣ್ಣು ಬಿಟ್ಟರೆ ಬೇರೇನಿಲ್ಲ. ಅವ್ವ ಚಪ್ಪಲಿ ಬಿಟ್ಟು ಕುಳಿತು, ನೆಲ ಸವರಿ, ವಿಭೂತಿ ಇಟ್ಟು, ಹೋಳಿಗೆ, ರೊಟ್ಟಿ, ಪಲ್ಯದ ಎಡೆ ಹಾಕಿದಳು. "ಯವ್ವಾ, ಭಾಳ ತಡ ಮಾಡಿದೆ" ಎಂದಳು. ಆ ದನಿ ನಮ್ಮವ್ವನದಾಗಿರಲಿಲ್ಲ, ಯಾವುದೋ ಒಂಬತ್ತು ವರ್ಷದ ಹುಡುಗಿಯದು. ಆಮೇಲೆ ನನ್ನನ್ನು ಹತ್ತಿರ ಕರೆದು, "ಇಂವ ನನ್ನ ಮಗ. ಇಂವನೇ ಕರಕೊಂಡು ಬಂದ" ಎಂದು ನೆಲಕ್ಕೆ ಪರಿಚಯ ಮಾಡಿಸಿದಳು. ಗುಡ್ಡದ ಮಾತು ಎತ್ತಲಿಲ್ಲ. ನಾನು ಅತ್ತುಬಿಟ್ಟೆ.

ಎಡೆಯ ರೊಟ್ಟಿಯನ್ನು ಇಬ್ಬರೂ ತಿನ್ನುವಾಗ ಸಮಾಧಾನವಾಗಿತ್ತು. ನಾನೇನೋ ದೊಡ್ಡ ಉಪಕಾರ ಮಾಡುವವನ ಹಾಗೆ, "ಅವ್ವ, ಈ ಜಾಗ ಇದರಾಗ ಗುರುತು ಹಾಕಿ ಇಡ್ಲೇನು? ಮುಂದಿನ ವರ್ಷ ಸೀದಾ ಬರಬಹುದು" ಎಂದೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡಪ. ನೀ ಗುರುತು ಹಾಕಿದ ಜಾಗ ಉಳಿಯಂಗಿಲ್ಲ."

ಅಷ್ಟು ಹೇಳಿ ನನ್ನ ಕೈಗೆ ಇನ್ನೊಂದು ತುಂಡು ರೊಟ್ಟಿ ಇಟ್ಟಳು. ನಾನು ಗುಂಡಿ ಒತ್ತಲಿಲ್ಲ.

ಆ ಕೆಲಸ ಬಿಟ್ಟೆಯಾ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಬಿಡಲಿಲ್ಲ. ಗಣಿ ನಿಂತಾಗ ಕೆಲಸವೇ ನನ್ನನ್ನು ಬಿಟ್ಟಿತು. ಲಡಾಖಿಗೂ ಹೋಗಿ ಬಂದೆ. ಅದರ ನೆನಪು ಈಗ ಅಷ್ಟಕ್ಕಷ್ಟೇ. ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಅಂದು ಅವಳು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ನೀರು ಇಳಿದು ಕಂಬ ಹೊರಬಿದ್ದ ಬೇಸಿಗೆಗಳಲ್ಲಿ ಈಗಲೂ ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಕಂಬವನ್ನೂ ಬಾಣವನ್ನೂ ಒಂದೇ ಗೆರೆಗೆ ತಂದು ಮೊದಲ ಗೇರಿನಲ್ಲಿ ಬರುತ್ತೇನೆ. ದಿಕ್ಕು ಪ್ರತಿ ಸಲವೂ ಸರಿಯಾಗಿ ಸಿಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಭುಜ ತಟ್ಟಿ ಹೇಳಲು ಮಾತ್ರ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ.